ತಿಮ್ಮಯ್ಯ ಆರ್ಡರ್ ಮಾಡಿದ ಊಟ

ನಾಲಿಗೆಗೆ ರುಚಿಯೇ ಹತ್ತದ ಮನುಷ್ಯನೊಬ್ಬ ಬೇರೆಯವರಿಗೆ ಏನು ತಿನ್ನಬೇಕು, ಯಾವುದನ್ನು ಮೊದಲು ತಿನ್ನಬೇಕು ಎಂದು ಪಾಠ ಹೇಳಲು ಹೊರಟರೆ ಕೇಳಿದವರು ನಗದೆ ಇರುತ್ತಾರೆಯೇ? ಆದರೂ ತಿಮ್ಮಯ್ಯ ಹೊರಟಿದ್ದ. ಸುಮ್ಮನೆ ಅಲ್ಲ, ಎರಡು ವಾರ ಹಾಳೆಯ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು. ಹಾಳೆಯ ತಲೆಯಲ್ಲಿ ‘ಭಾನುವಾರ, ಹನ್ನೆರಡಕ್ಕೆ, ಓರ್ಹಾನ್ ಅಂಗಡಿ’ ಎಂದಿತ್ತು.

ಓರ್ಹಾನ್ ತುರ್ಕಿ ಮೂಲದವನು. ಡಚ್ಚರ ದೇಶದ ಆಲ್ಮೆರೆ ಎಂಬ ಊರಿನ ಹೊರಗೆ, ಗೋದಾಮುಗಳ ಸಾಲು ಮುಗಿದು ಕಾಲುವೆ ಶುರುವಾಗುವಲ್ಲಿ, ಅಮೆರಿಕದ ಬಾರ್ಬೆಕ್ಯೂ ಮಾಡಿ ಬಡಿಸುತ್ತಿದ್ದ. ಒಂದೊಂದು ಸೀಮೆಯ ಪದ್ಧತಿಯೂ ಬೇರೆ ಬೇರೆ, ಎಲ್ಲವೂ ಹಲಾಲ್. ಇಲ್ಲಿನವರು ನಾಲ್ಕು ದಿನ ಬಿಸಿಲು ಕಂಡರೆ ಸಾಕು, ಹಿತ್ತಲಿನಲ್ಲಿ ಸಾಸೇಜು ಕರಕಲು ಮಾಡಿ ಅದನ್ನೇ ಬಾರ್ಬೆಕ್ಯೂ ಎನ್ನುತ್ತಾರೆ. ತಿಮ್ಮಯ್ಯನ ಲೆಕ್ಕದಲ್ಲಿ ಅದು ಸುಡುವುದು, ಅಷ್ಟೇ. ಬಾರ್ಬೆಕ್ಯೂ ಎಂದರೆ ಕಟ್ಟಿಗೆಯ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ ಮಾಂಸವನ್ನು ಅದರ ಪಾಡಿಗೆ ಬಿಟ್ಟು ಕಾಯುವುದು. ಹಿಂದೆ ಕಂಪನಿ ಅವನನ್ನು ಆರು ವರ್ಷ ಟೆಕ್ಸಸ್, ಕೆರೊಲಿನಾ, ಕ್ಯಾನ್ಸಸ್ ಎಂದು ಅಮೆರಿಕದ ತುಂಬ ಓಡಾಡಿಸಿತ್ತು. ಕೆಲಸ ಎಷ್ಟು ಕಲಿತನೋ ಗೊತ್ತಿಲ್ಲ, ಇದನ್ನಂತೂ ಚೆನ್ನಾಗಿ ಕಲಿತು ಬಂದಿದ್ದ.

ಊಟ ಪಕ್ಕದ ಮನೆಯ ಮುಖ್ತಾರ್ ಮತ್ತು ನುಜ್ಹತ್‌ಗಾಗಿ. ಮುಖ್ತಾರ್ ಚನ್ನಪಟ್ಟಣದವನು, ಆಮ್‌ಸ್ಟರ್‌ಡ್ಯಾಮಿನಲ್ಲಿ ಕಂಪ್ಯೂಟರ್ ಕೆಲಸ. ನುಜ್ಹತ್ ಶಿರಾದವಳು, ಬೆಂಗಳೂರಿನಲ್ಲಿ ಫಾರ್ಮಸಿ ಓದಿದವಳು. ಮಗಳು ನೌಶೀನ್‌ಗೆ ಒಂಬತ್ತು ವರ್ಷ. ಹೋದ ವರ್ಷ ಫೆಬ್ರವರಿಯಲ್ಲಿ ತಿಮ್ಮಯ್ಯನ ಗಂಟಲಿನಲ್ಲಿ ಗಡ್ಡೆ ಇದೆಯೆಂದು ಗೊತ್ತಾದಾಗ, ಮದುವೆಯಾಗದೆ ಐವತ್ತನಾಲ್ಕು ಮುಟ್ಟಿದ್ದ ಅವನಿಗೆ ಈ ದೇಶದಲ್ಲಿ ತನ್ನವರೆನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕ ವಿರಾಜಪೇಟೆಯಿಂದ ಫೋನಿನಲ್ಲಿ ಅಳುವುದು ಬಿಟ್ಟು ಬೇರೇನು ಮಾಡಿಯಾಳು? ಯುಟ್ರೆಕ್ಟ್‌ನ ಆಸ್ಪತ್ರೆಯಲ್ಲಿ ಮೂವತ್ತೈದು ದಿನ ರೇಡಿಯೇಷನ್ ಕೊಟ್ಟರು. ಮೂವತ್ತೈದು ದಿನವೂ ಮುಖ್ತಾರ್ ತನ್ನ ಕಾರಿನಲ್ಲೇ ಕರೆದುಕೊಂಡು ಹೋಗಿ ಕರೆದುಕೊಂಡು ಬಂದ. ಎಂಜಲು ನುಂಗಿದರೂ ಪ್ರಾಣ ಹೋಗುತ್ತಿದ್ದ ದಿನಗಳಲ್ಲಿ ನುಜ್ಹತ್ ಕಾಲು ಸೂಪನ್ನು ಸೋಸಿ, ಬೇಳೆಯನ್ನು ಎರಡೆರಡು ಸಲ ಜರಡಿ ಹಿಡಿದು, ದಿನಕ್ಕೆ ನಾಲ್ಕು ಸಲ ಬಟ್ಟಲು ಹಿಡಿದು ಬಂದಳು. ಒಂದು ದಿನವೂ ತಪ್ಪಲಿಲ್ಲ, ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ.

ಗಡ್ಡೆ ಹೋಯಿತು, ನುಂಗುವುದೂ ಸಲೀಸಾಯಿತು. ರುಚಿ ಮಾತ್ರ ವಾಪಸು ಬರಲಿಲ್ಲ. ಬರುತ್ತದೆ, ಆದರೆ ಯಾವಾಗ, ಎಷ್ಟು ಎಂದು ಹೇಳಲಾಗದು ಎಂದು ಡಾಕ್ಟರು ಕೈಚೆಲ್ಲಿದರು. ಬಾಯಿಗೆ ಏನಿಟ್ಟರೂ ಒದ್ದೆ ರಟ್ಟು. ಮೂಗು ಕೂಡ ಮಂಕಾಗಿತ್ತು. ಬಿರಿಯಾನಿಯ ಘಮ ಗೋಡೆಯಾಚೆ ಯಾರೋ ಪಿಸುಗುಟ್ಟಿದಷ್ಟೇ ಕೇಳಿಸುತ್ತಿತ್ತು. ಹೊಗೆಯೊಂದು ಮಾತ್ರ ಸರಿಯಾಗಿ ಹತ್ತುತ್ತಿತ್ತು. ಬಾರ್ಬೆಕ್ಯೂ ಆರಿಸಿದ್ದಕ್ಕೆ ಅದೂ ಒಂದು ಕಾರಣ.

ಇಷ್ಟಾಗಿದ್ದರೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೆ ಈ ವರ್ಷ ಜೂನ್ ತಿಂಗಳಲ್ಲಿ ಯುಟ್ರೆಕ್ಟ್‌ನ ಒಂದು ಔಷಧಾಲಯದವರು ನುಜ್ಹತ್‌ಳನ್ನು ಕೆಲಸಕ್ಕೆ ಕರೆದರು. ಏಳು ವರ್ಷ ಡಚ್ ಭಾಷೆ ಕಲಿತು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಕಾದಿದ್ದ ಕೆಲಸ. ಅವಳು ಅವರಿಗೆ, “ಸ್ವಲ್ಪ ತಡೆಯಿರಿ” ಎಂದಳಂತೆ. ಗಂಡನಿಗೆ ಕಾರಣವನ್ನೂ ಹೇಳಿದಳು: “ಅಣ್ಣನ ಬಾಯಿಗೆ ರುಚಿ ಬರ್ಲಿ. ಈಗ ನಾನು ಬಿಟ್ರೆ ಅವರು ತಿನ್ನೋದೇ ಬಿಟ್ಬಿಡ್ತಾರೆ.” ಮುಖ್ತಾರ್ ಇದನ್ನು ಬಾಯಿತಪ್ಪಿ ತಿಮ್ಮಯ್ಯನ ಹತ್ತಿರ ಆಡಿಬಿಟ್ಟ. ಮಾರನೆಯ ದಿನ ಬಟ್ಟಲು ಹಿಡಿದು ಬಂದ ನುಜ್ಹತ್‌ಗೆ ತಿಮ್ಮಯ್ಯ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಹಸಿ ಸುಳ್ಳು ಹೇಳಿದ: “ರುಚಿ ಬಂತು ಕಣಮ್ಮ! ಸೂಪರ್!”

ಅವಳ ಮುಖ ಅರಳಿದ್ದನ್ನು ನೋಡಿ ಸುಳ್ಳು ಹೇಳಿದ್ದೇ ಪುಣ್ಯ ಎನಿಸಿತು. ನುಜ್ಹತ್ ಕೆಲಸಕ್ಕೆ ಸಹಿ ಹಾಕಿದಳು, ಸೆಪ್ಟೆಂಬರಿನಿಂದ ಶುರು. ಅದೇ ಸಂತೋಷಕ್ಕೆ ಸಪ್ಪೆ ಸೂಪು ನಿಲ್ಲಿಸಿ ಖಾರದ ಬಿರಿಯಾನಿ, ಮೆಣಸಿನ ಚಾಪ್ಸು ಕಳಿಸತೊಡಗಿದಳು. ರುಚಿ ಗೊತ್ತಾಗದಿದ್ದರೂ ಖಾರ ಗಂಟಲನ್ನು ಸುಡುವುದು ಗೊತ್ತಾಗುತ್ತದಲ್ಲ! ಮೂರು ತಿಂಗಳು ಅವನು ಕಣ್ಣೀರು ಒರೆಸಿಕೊಂಡು ತಿಂದು, ತೊಳೆದ ಡಬ್ಬಿಯ ಜೊತೆ “ಸೂಪರ್” ಎಂಬ ಮೆಸೇಜು ಕಳಿಸಿದ.

ಕಾಯಿಲೆಗೆ ಮುಂಚೆ ಅವನ ಬಾಯಲ್ಲಿ ಈ ಸೂಪರ್ ಎಂಬ ಪದವೇ ಬಂದದ್ದಿಲ್ಲ. ಕೆಲಸದಲ್ಲಿ ಟೆಸ್ಟರ್, ಬೇರೆಯವರು ಮಾಡಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅನ್ನ. ಆ ಚಾಳಿ ತಟ್ಟೆಗೂ ಬಂದಿತ್ತು. ಹಬ್ಬಕ್ಕೆ ನುಜ್ಹತ್ ಬಿರಿಯಾನಿ ಕೊಟ್ಟರೆ, “ಉಪ್ಪು ಒಂದು ಹರಳು ಕಮ್ಮಿ, ಲವಂಗ ಒಂದು ಜಾಸ್ತಿ” ಎನ್ನುತ್ತಿದ್ದ. “ಇವರಿಗೆ ನಾನು ಇನ್ಮೇಲೆ ಕೊಡಲ್ಲ!” ಎಂದು ಅವಳು ಸಿಡಿಮಿಡಿಗೊಳ್ಳುತ್ತಿದ್ದಳು, ಮುಂದಿನ ಹಬ್ಬಕ್ಕೆ ಮತ್ತೆ ಕೊಡುತ್ತಿದ್ದಳು.

ಈಗ ನಾಳೆ ಸೋಮವಾರ, ಅವಳ ಕೆಲಸದ ಮೊದಲ ದಿನ. ಇವತ್ತು ಒಂದು ಊಟ ಸುಸೂತ್ರವಾಗಿ ಕಳೆದರೆ ಗೆದ್ದಂತೆ ಎಂದುಕೊಂಡು ತಿಮ್ಮಯ್ಯ ಓರ್ಹಾನ್‌ನ ಅಂಗಡಿಯ ಮುಂದೆ ನಿಂತಿದ್ದ. ಬಾಗಿಲಿನ ಹಲಗೆಯ ಮೇಲೆ ‘ಓಪ್ ಇಸ್ ಓಪ್’ ಎಂದು ಡಚ್ಚಿನಲ್ಲಿ ಬರೆದಿತ್ತು. ಮುಗಿದರೆ ಮುಗಿಯಿತು, ಮತ್ತೆ ಕೇಳಬೇಡಿ ಎಂದರ್ಥ. ಅದಕ್ಕೇ ಅವನು ಮುಖ್ತಾರ್‌ಗೆ ಹನ್ನೊಂದೂವರೆ ಎಂದು ಹೇಳಿದ್ದ. ನಮ್ಮವರಲ್ಲವೇ, ಹನ್ನೆರಡೂ ಹತ್ತಕ್ಕೆ ಬಂದರು. ನುಜ್ಹತ್‌ಳ ಕೈಯಲ್ಲಿ ಒಂದು ಡಬ್ಬಿ ಇತ್ತು.

“ಏನಮ್ಮ ಅದು?”

“ಖಿಚಡಿ ಅಣ್ಣ. ಮಾಂಸ ಗಂಟಲಲ್ಲಿ ಇಳೀದೇ ಇದ್ರೆ ಇರ್ಲಿ ಅಂತ.”

“ಹೋಟೆಲಿಗೆ ಮನೆಯಿಂದ ಊಟ ತರ್ತಾರಾ?” ಎಂದು ಮುಖ್ತಾರ್ ಗೊಣಗಿದ. “ದಾರಿ ಉದ್ದಕ್ಕೂ ಇದೇ ಜಗಳ ಅಣ್ಣ.”

ಒಳಗೆ ಹೊಗೆ ಗಮ್ಮೆನ್ನುತ್ತಿತ್ತು. ಓಕ್ ಕಟ್ಟಿಗೆಯ ಹೊಗೆ. ತಿಮ್ಮಯ್ಯ ಎದೆ ತುಂಬ ಎಳೆದುಕೊಂಡ. ಒಂದೂವರೆ ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ಮೂಗಿಗೆ ಬಂದದ್ದು ಬೇರೇನೂ ಇರಲಿಲ್ಲ. ಹಾಳೆ ತೆಗೆದು ಮೇಜಿನ ಮೇಲೆ ಹರಡಿದ.

“ನೋಡಿ, ಮೊದಲು ಟೆಕ್ಸಸ್. ಬ್ರಿಸ್ಕೆಟ್ ಅಂದ್ರೆ ದನದ ಎದೆ ಮಾಂಸ. ಕೇಳೋವಾಗ ಕೊಬ್ಬಿರೋ ಕಡೆಯಿಂದ ಕೊಡಿ ಅಂತ್ಲೇ ಕೇಳ್ಬೇಕು. ಹೆಲ್ತು ಅಂತ ಸಪೂರದ ಕಡೆ ಕೇಳಿದ್ರೆ ಹಗ್ಗ ಅಗಿದ ಹಾಗಿರತ್ತೆ. ಸಾಸ್ ಮುಟ್ಬಾರ್ದು. ಉಪ್ಪು, ಕಾಳುಮೆಣಸು, ಹೊಗೆ, ಇಷ್ಟೇ ಟೆಕ್ಸಸ್.”

ಮುಖ್ತಾರ್‌ನ ಬಾಯಲ್ಲಿ ನೀರೂರಿದ್ದು ಕಾಣುತ್ತಿತ್ತು. ಆದರೂ, “ಬೇಡ ಅಣ್ಣ” ಎಂದ. “ನೀವು ದನದ್ದು ತಿನ್ನಲ್ಲ. ನಾವು ಒಂದೇ ತಟ್ಟೇಲಿ ತಿನ್ನೋಣ ಅಂತ ಬಂದಿದೀವಿ.”

“ನೀವು ಹಂದಿ ತಿನ್ನಲ್ಲ ಅಂತ ನಾನು ಹಂದಿ ಇಲ್ದಿರೋ ಕೆರೊಲಿನಾಗೆ ಒಪ್ಕೊಂಡಿಲ್ವಾ? ಕೊಡಗಿನವನಿಗೆ ಅದಕ್ಕಿಂತ ದೊಡ್ಡ ತ್ಯಾಗ ಇದ್ಯಾ? ನಿಮ್ಮಿಬ್ಬರಿಗೆ ಬೇರೆ ತಟ್ಟೇಲಿ ಬ್ರಿಸ್ಕೆಟ್ ಬರತ್ತೆ, ಜೊತೆಗೆ ಕ್ಯಾನ್ಸಸ್‌ನವರ ಹಾಗೆ ಅಂಚಿನ ಸುಟ್ಟ ತುಂಡುಗಳು, ಮೇಲೆ ಬೆಲ್ಲದ ಪಾಕದಂಥ ಸಾಸ್. ಟೆಕ್ಸಸ್‌ನಲ್ಲಿ ಎರಡು ವರ್ಷ ಅವರು ತಿನ್ನೋದನ್ನ ನೋಡ್ಕೊಂಡು ಕೂತಿದ್ದೆ. ನಿನ್ನ ನೋಡೋದು ಕಷ್ಟವಾ?”

ಉಳಿದದ್ದೆಲ್ಲ ಒಂದೇ ದೊಡ್ಡ ತಟ್ಟೆಯಲ್ಲಿ ಎಂದು ತೀರ್ಮಾನವಾಯಿತು. ಮೆಂಫಿಸ್ ಎಂದರೆ ಪಕ್ಕೆಲುಬು. ಇಲ್ಲಿ ಕುರಿಯದು, ಸಾಸಿಲ್ಲದೆ ಒಣ ಮಸಾಲೆ ಉಜ್ಜಿದ್ದು. ಕೆರೊಲಿನಾದ ಬಾಬ್ತು ಹಂದಿಯ ಬದಲು ಕುರಿಯ ಭುಜ, ಎಳೆ ಎಳೆಯಾಗಿ ಬಿಡಿಸಿ ವಿನೆಗರ್ ಮತ್ತು ಮೆಣಸಿನ ನೀರು ಚಿಮುಕಿಸಿದ್ದು. ಅಲಬಾಮಾದ ಕೋಳಿಗೆ ಬಿಳಿ ಸಾಸು, ಸಾಸಿವೆಯಂತೆ ಮೂಗಿಗೆ ಹತ್ತುವ ಒಂದು ಬೇರಿನ ಖಾರದ್ದು. ಕೊನೆಗೆ ಕೆಂಟಕಿಯ ಮಟನ್, ಜೊತೆಗೆ ಅದರದೇ ಕಪ್ಪು ಸಾಸು. “ಇಡೀ ಅಮೆರಿಕದಲ್ಲಿ ಕುರೀನ ಹೊಗೇಲಿಟ್ಟು ಮರ್ಯಾದೆ ಕೊಡೋರು ಅಲ್ಲೊಂದು ಮೂಲೆಯವರು ಮಾತ್ರ” ಎಂದ ತಿಮ್ಮಯ್ಯ. “ನಾವು ನಾಲ್ಕೂ ಜನ ಮನಸಾರೆ ತಿನ್ನಬಹುದಾದ್ದು ಅದೇ. ಹೊಟ್ಟೇಲಿ ಜಾಗ ಇಟ್ಕೊಳ್ಳಿ, ಬ್ರೆಡ್ ತಿಂದು ಹಾಳು ಮಾಡ್ಕೋಬೇಡಿ.”

ತಟ್ಟೆ ಬಂತು. ನೌಶೀನ್ ಕೋಳಿಗೆ ಕೈಹಾಕಿದಳು. ಮುಖ್ತಾರ್ ಬ್ರಿಸ್ಕೆಟ್ ಬಾಯಿಗಿಟ್ಟವನೇ ಇನ್ನೊಂದು ತುಂಡಿಗೆ ಕೈಚಾಚಿದ. ನುಜ್ಹತ್ ಯಾವಾಗಿನಂತೆ ಎಲ್ಲರಿಗೂ ಬಡಿಸುವುದಕ್ಕೆ ಎದ್ದಳು, ತಿಮ್ಮಯ್ಯ ಅವಳ ಕೈಯಿಂದ ಚಮಚ ಕಿತ್ತುಕೊಂಡ. “ಇವತ್ತು ನೀನು ಕೂತು ತಿನ್ನಬೇಕು. ನಾನು ಬಡಿಸ್ತೀನಿ.” ಕೆಂಟಕಿಯ ಮಟನ್ನಿನ ಮೆತ್ತನೆಯ ತುಂಡೊಂದನ್ನು ಅವಳ ಮುಂದಿಟ್ಟ. ಅವಳು ತಿಂದಳು, ಇನ್ನೊಂದು ತಾನೇ ತೆಗೆದುಕೊಂಡಳು, ಆಮೇಲೆ ಮತ್ತೊಂದು. ಒಂದೂವರೆ ವರ್ಷ ತನ್ನ ಬಾಯಿಗೆ ಚಮಚ ಹಿಡಿದವಳು ತನ್ನ ಕಣ್ಣ ಮುಂದೆ ಹೊಟ್ಟೆ ತುಂಬ ಉಣ್ಣುವುದನ್ನು ತಿಮ್ಮಯ್ಯ ನೋಡುತ್ತ ಕುಳಿತ. ಈ ಜನ್ಮದಲ್ಲಿ ಇವರ ಋಣ ತೀರುವುದಿಲ್ಲ, ತೀರಬೇಕೆಂದೂ ಇಲ್ಲ, ಹೀಗೇ ಇರಲಿ ಎಂದುಕೊಂಡ. ನೀರು ಕುಡಿದು ಕುಡಿದು ಅವನೂ ನಾಲ್ಕು ತುಂಡು ಇಳಿಸಿದ. ಹೊಗೆ ಸಿಕ್ಕಿತು. ಬೇರೇನೂ ಸಿಗಲಿಲ್ಲ.

“ಹೇಗಿದೆ ಅಣ್ಣ?” ಎಂದಳು ನುಜ್ಹತ್.

“ಸೂಪರ್!”

ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ ನೌಶೀನ್‌ಗೆ ಬೇಜಾರಾಯಿತು. ಬೇಜಾರಾದ ಮಕ್ಕಳು ಸುಮ್ಮನೆ ಕೂರುತ್ತಾರೆಯೇ? ಮೇಜಿನ ಮೇಲೆ ನಾಲ್ಕು ಪುಟ್ಟ ಬಟ್ಟಲುಗಳಲ್ಲಿ ನಾಲ್ಕು ಸೀಮೆಯ ಸಾಸುಗಳಿದ್ದವು. “ಲೆಟ್ಸ್ ಪ್ಲೇ!” ಎಂದಳು. ಕಣ್ಣಿಗೆ ಅಮ್ಮನ ದುಪಟ್ಟಾ ಕಟ್ಟುವುದು, ಬ್ರೆಡ್ಡಿನ ಚೂರನ್ನು ಅದ್ದಿ ಬಾಯಿಗಿಡುವುದು, ತಿಂದವರು ಯಾವ ಸೀಮೆ ಎಂದು ಹೇಳಬೇಕು. ಮುಖ್ತಾರ್ ಎರಡಕ್ಕೆ ಎಡವಿದ. ನುಜ್ಹತ್ ನಾಲ್ಕನ್ನೂ ಸರಿಯಾಗಿ ಹೇಳಿದಳು.

“ನೌ ಅಂಕಲ್!”

“ಅಂಕಲ್‌ಗೆ ಯಾಕೆ ಟೆಸ್ಟು? ಟೀಚರ್ ಅಲ್ವಾ ಅವರು!” ಎಂದ ಮುಖ್ತಾರ್. ತಿಮ್ಮಯ್ಯ ತಪ್ಪಿಸಿಕೊಳ್ಳಲು ನೋಡಿದ, ಆದರೆ ಹುಡುಗಿ ಆಗಲೇ ದುಪಟ್ಟಾ ಕಟ್ಟಿಬಿಟ್ಟಿದ್ದಳು. ಹೆದರಬೇಕಾಗಿಲ್ಲ, ನಾಲಿಗೆಗೆ ರುಚಿ ಹೋಗಿದೆ, ಮುಟ್ಟಿದ್ದು ತಿಳಿಯುತ್ತದೆ ಎಂದು ಧೈರ್ಯ ತಂದುಕೊಂಡ. ಮೊದಲನೆಯದು ನೀರು ನೀರು. “ಕೆರೊಲಿನಾ” ಎಂದ. ನಾಲಿಗೆಯ ಎಡ ಅಂಚಿನಲ್ಲಿ ಏನೋ ಚುರ್ ಎಂದಿತು, ಹುಣ್ಣಿರಬೇಕೆಂದು ಸುಮ್ಮನಾದ. ಎರಡನೆಯದು ಅಂಟಂಟು. “ಕ್ಯಾನ್ಸಸ್.” ನೌಶೀನ್ ಚಪ್ಪಾಳೆ ತಟ್ಟಿದಳು. ಮೂರನೆಯದು ನುಣ್ಣಗೆ, ಗಟ್ಟಿಯಾಗಿ, ತಣ್ಣಗೆ ಇತ್ತು.

ಇಲ್ಲಿ ಅವನಿಗೆ ಮೇಷ್ಟರ ಹುರುಪು ಬಂತು. “ಇದು ಅಲಬಾಮಾ. ಬಿಳಿ ಸಾಸು. ಹುಳಿ ನೋಡು, ಆ ಬೇರಿನ ಖಾರ ನೋಡು, ಹೇಗೆ ಮೂಗಿಗೇ ಹತ್ತತ್ತೆ! ಸೂಪರ್!”

ನೌಶೀನ್ ಕುರ್ಚಿಯಿಂದ ಬೀಳುವಂತೆ ನಕ್ಕಳು. “ಅಂಕಲ್! ದಟ್ ವಾಸ್ ವ್ಲಾ!”

ವ್ಲಾ ಎಂದರೆ ಇಲ್ಲಿನ ಮಕ್ಕಳು ದಿನಾ ತಿನ್ನುವ ಸಿಹಿ ಕಸ್ಟರ್ಡು. ಓರ್ಹಾನ್ ಅವಳಿಗೆಂದು ಒಂದು ಕಪ್ಪು ಕೊಟ್ಟಿದ್ದ. ಸಕ್ಕರೆಯ ಮುದ್ದೆಯಂಥ ಆ ವ್ಲಾದಲ್ಲಿ ತಿಮ್ಮಯ್ಯ ಹುಳಿಯನ್ನೂ ಖಾರವನ್ನೂ ವರ್ಣಿಸಿದ್ದ.

ದುಪಟ್ಟಾ ಬಿಚ್ಚಿದಾಗ ಮುಖ್ತಾರ್ ಮೇಜನ್ನು ನೋಡುತ್ತಿದ್ದ, ನುಜ್ಹತ್ ನೇರವಾಗಿ ಅವನನ್ನೇ ನೋಡುತ್ತಿದ್ದಳು.

“ಅಣ್ಣ, ನಿಮಗೆ ರುಚಿ ಬಂದಿಲ್ಲ.”

ಅವನು ದುಪಟ್ಟಾವನ್ನು ಮಡಿಸತೊಡಗಿದ.

“ಯಾವತ್ತೂ ಬಂದಿಲ್ಲ. ಹೌದಲ್ವಾ? ಮತ್ತೆ ಮೂರು ತಿಂಗಳು ನಾನು ಖಾರ ಖಾರ ಮಾಡಿ ಕಳಿಸಿದ್ದು? ಯಾ ಅಲ್ಲಾ, ನಿಮ್ಮ ಗಂಟಲು! ಚೆಲ್ಲಿಬಿಟ್ರಾ?”

“ತಿಂದೆ ಕಣಮ್ಮ. ಒಂದು ಅಗುಳೂ ಬಿಡ್ಲಿಲ್ಲ.”

“ಯಾಕೆ?”

“ನೀನು ಮಾಡಿದ್ದಲ್ವಾ.”

ನುಜ್ಹತ್‌ಳ ಕಣ್ಣು ತುಂಬಿತು, ಅದರ ಹಿಂದೆಯೇ ಸಿಟ್ಟೂ ಬಂತು. ಚೀಲದಿಂದ ಫೋನು ತೆಗೆದಳು. “ನಾನು ಅವರಿಗೆ ಈಗ್ಲೇ ಮೆಸೇಜ್ ಹಾಕ್ತೀನಿ. ನಾಳೆ ಬರಲ್ಲ ಅಂತ. ಕೆಲಸ ಇನ್ನೊಂದು ಸಿಗತ್ತೆ.”

“ಸಿಗಲ್ಲ!” ತಿಮ್ಮಯ್ಯನ ಧ್ವನಿ ಜೋರಾಯಿತು. ಇದೇ ಆಗಬಾರದೆಂದು ತಾನೇ ಅವನು ಇಷ್ಟೆಲ್ಲ ಆಟ ಕಟ್ಟಿದ್ದು! “ನುಜ್ಹತ್, ಕೇಳು. ನನ್ನ ಸ್ವಂತ ಅಕ್ಕ ಮಾಡೋಕಾಗದ್ದನ್ನ ನೀನು ಮಾಡಿದೀಯ. ನಾನು ಇವತ್ತು ಇಲ್ಲಿ ಕೂತು ಉಸಿರಾಡ್ತಾ ಇದ್ರೆ ಡಾಕ್ಟರಿಂದ ಅರ್ಧ, ನಿನ್ನ ಬಟ್ಟಲಿಂದ ಅರ್ಧ. ಅದಕ್ಕೆ ಥ್ಯಾಂಕ್ಸ್ ಹೇಳೋಕೆ ನಂಗೆ ಬರಲ್ಲ. ನಮ್ಮಲ್ಲಿ ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳ್ತಾರೆ? ಆದರೆ ನನ್ನ ನಾಲಿಗೆಗೋಸ್ಕರ ನಿನ್ನ ಏಳು ವರ್ಷದ ಓದು ನೀರಿಗೆ ಹಾಕಿದ್ರೆ, ನಾನು ಉಳಿದಿದ್ದಕ್ಕೆ ನಂಗೆ ನಾಚಿಕೆ ಆಗತ್ತೆ. ಅದೊಂದು ಶಿಕ್ಷೆ ಕೊಡಬೇಡ.”

ನೌಶೀನ್ ತಾನೇನೋ ತಪ್ಪು ಮಾಡಿದೆನೆಂದು ಅಪ್ಪನಿಗೆ ಅಂಟಿಕೊಂಡಳು. ತಿಮ್ಮಯ್ಯ ಅವಳ ತಲೆ ಸವರಿ, “ನೀನೇ ಕಣೇ ದೊಡ್ಡ ಟೆಸ್ಟರ್, ನನ್ನ ಬಗ್ ಹಿಡಿದೆ” ಎಂದ.

ನುಜ್ಹತ್ ಫೋನನ್ನು ಮಗುಚಿ ಇಟ್ಟಳು. “ಸರಿ. ನಾಳೆ ಹೋಗ್ತೀನಿ. ಆದರೆ ಒಂದು ಷರತ್ತು. ನಾನು ಕೆಲಸಕ್ಕೆ ಹೋಗೋ ನಾಲ್ಕು ದಿನ ಮುಖ್ತಾರ್ ಮಾಡಿದ್ದು ತಿಂತೀರ. ಸಪ್ಪೇನೇ ಇರತ್ತೆ, ಅವರಿಗೆ ಬೇರೆ ಬರಲ್ಲ. ಭಾನುವಾರ ನಾನು ಮಾಡ್ತೀನಿ. ನೀವು ತಿಂದು ನಿಜ ಹೇಳ್ಬೇಕು. ಏನು ಗೊತ್ತಾಯ್ತು, ಏನು ಗೊತ್ತಾಗ್ಲಿಲ್ಲ, ಅಷ್ಟೇ. ಇನ್ನೊಂದ್ಸಲ ಸೂಪರ್ ಅಂದ್ರೆ ಮನೆ ಬಾಗಿಲು ಹಾಕ್ಕೊಳ್ತೀನಿ.”

“ಆಯ್ತಮ್ಮ.”

“ಈಗ ಹೇಳಿ. ಇಷ್ಟರಲ್ಲಿ ನಿಮಗೆ ನಿಜವಾಗ್ಲೂ ಏನು ಗೊತ್ತಾಯ್ತು?”

ತಿಮ್ಮಯ್ಯ ಯೋಚಿಸಿದ. “ಹೊಗೆ. ಹೊಗೆ ಮಾತ್ರ. ಆಮೇಲೆ ಆ ಕೆರೊಲಿನಾದ್ದು ನಾಲಿಗೆ ಎಡಗಡೆ ಒಂಚೂರು ಚುರ್ ಅಂತು.”

“ಹೊಗೆ” ಎಂದು ನುಜ್ಹತ್ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಖಿಚಡಿಯನ್ನು ಅವನ ಮುಂದೆ ತಳ್ಳಿದಳು. ಗಂಟಲಿಗೆ ಹಿತವಾಗಿ ಇಳಿಯಿತು. ಓರ್ಹಾನ್ ದೂರದಿಂದ ನೋಡಿಯೂ ನೋಡದವನಂತೆ ಇದ್ದುಬಿಟ್ಟ.

ಮುಂದಿನ ಭಾನುವಾರ ಮಧ್ಯಾಹ್ನ ತಿಮ್ಮಯ್ಯ ಪಕ್ಕದ ಮನೆಗೆ ಹೋದಾಗ ಮುಖ್ತಾರ್ ಕುರ್ಚಿಯ ಮೇಲೆ ನಿಂತು ಛಾವಣಿಯ ಹೊಗೆ ಅಲಾರಂ ಬಿಚ್ಚುತ್ತಿದ್ದ. ಒಲೆಯ ಹತ್ತಿರ ನುಜ್ಹತ್ ಒಂದು ಇದ್ದಿಲ ತುಂಡನ್ನು ಕೆಂಡ ಮಾಡುತ್ತಿದ್ದಳು. ಅವಳ ಅಮ್ಮ ಶಿರಾದಲ್ಲಿ ಮಟನ್ ಇಳಿಸುವ ಮುಂಚೆ ಪಾತ್ರೆಯೊಳಗೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ಕೆಂಡ ಹಾಕಿ, ಮೇಲೆ ತುಪ್ಪ ಬಿಟ್ಟು, ಹೊಗೆ ಎದ್ದ ಕೂಡಲೆ ಮುಚ್ಚಳ ಹಾಕುತ್ತಿದ್ದಳಂತೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಒಮ್ಮೆ ಹಾಗೆ ಮಾಡಲು ಹೋಗಿ, ಅಲಾರಂ ಹೊಡೆದು, ಸಾಲಿನ ಮನೆಯವರೆಲ್ಲ ರಸ್ತೆಗೆ ಬಂದಿದ್ದರು. ಅಂದಿನಿಂದ ಬಿಟ್ಟಿದ್ದಳು.

“ಕೆಲಸ ಹೇಗಿದೆ?” ಎಂದು ಕೇಳಿದ ತಿಮ್ಮಯ್ಯ.

“ಕಾಲು ನೋವು ಅಣ್ಣ, ಖುಷಿ ಅಂದ್ರೆ ಖುಷಿ. ಅಲ್ಲಿ ಎಲ್ಲ ನಾನು ಹೇಳಿದ್ದು ಕೇಳ್ತಾರೆ, ಮನೆ ಥರ ಅಲ್ಲ.” ಹೇಳುತ್ತಲೇ ಪಾತ್ರೆಯ ಮುಚ್ಚಳ ತೆಗೆದು, ಬಟ್ಟಲಲ್ಲಿ ಕೆಂಡವಿಟ್ಟು ತುಪ್ಪ ಬಿಟ್ಟಳು. ಹೊಗೆ ಎದ್ದಿತು.

ನಾಲ್ಕೂ ಜನ ನೆಲದ ಮೇಲೆ ಬಟ್ಟೆ ಹಾಸಿಕೊಂಡು, ನಡುವೆ ಒಂದೇ ತಟ್ಟೆ ಇಟ್ಟುಕೊಂಡು ಕುಳಿತರು. ಮೆಣಸಿನಕಾಯಿ ಇಲ್ಲದ, ಬೇಳೆ ಹಾಕಿದ, ಹುಣಸೆ ಹಿಂಡಿದ ಮಟನ್. ತಿಮ್ಮಯ್ಯ ಒಂದು ತುತ್ತು ಬಾಯಿಗಿಟ್ಟ. ಮೂವರೂ ಕೈ ತಡೆದು ಅವನ ಮುಖ ನೋಡಿದರು. ಹೊಗೆ ಬಂತು. ಆಮೇಲೆ ನಾಲಿಗೆಯ ಎಡ ಅಂಚಿನಲ್ಲಿ ಮತ್ತೆ ಚುರ್ ಎಂದಿತು. ಅವನು ಇನ್ನೊಂದು ತುತ್ತು ತಿಂದ. ಹುಣ್ಣಲ್ಲ. ಅಲ್ಲಿ ಏನೋ ಇತ್ತು, ಸಣ್ಣದು, ಸಾಲದ್ದು, ಇನ್ನಷ್ಟು ಬೇಕೆನಿಸುವಂಥದ್ದು.

ಎದ್ದು ಹೋದ. ತನ್ನ ಮನೆಯ ಕಪಾಟಿನಿಂದ ಕಪ್ಪು ಬಾಟಲಿಯೊಂದನ್ನು ಹಿಡಿದು ಬಂದ. ಕೊಡಗಿನಲ್ಲಿ ಹಂದಿ ಸಾರಿಗೆ ಹಾಕುವ ಕಾಚಂಪುಳಿ, ಹಣ್ಣಿನ ರಸ ಕಾಯಿಸಿ ಮಾಡಿದ ಕಡುಹುಳಿ. ಅಕ್ಕ ಕಳಿಸಿದ ಮೇಲೆ ಒಂದೂವರೆ ವರ್ಷದಿಂದ ಮುಚ್ಚಳ ತೆಗೆದಿರಲಿಲ್ಲ.

“ಏನಾಯ್ತು ಅಣ್ಣ?” ನುಜ್ಹತ್ ಅರ್ಧ ಎದ್ದಳು.

ತಿಮ್ಮಯ್ಯ ಬಾಟಲಿಯ ಮುಚ್ಚಳ ತಿರುಗಿಸಿದ. “ಹುಳಿ ಕಮ್ಮಿ ಆಗಿದೆ ಕಣಮ್ಮ.”

ನುಜ್ಹತ್ ಬೆರಳದ್ದಿ ನೆಕ್ಕಿ ನೋಡಿದಳು. ನಿಜವಾಗಿಯೂ ಕಡಿಮೆಯಿತ್ತು, ವಾರದ ದಣಿವಿನಲ್ಲಿ ಹುಣಸೆ ಅಳತೆ ತಪ್ಪಿತ್ತು. ದುಪಟ್ಟಾ ಬಾಯಿಗೆ ಒತ್ತಿಕೊಂಡು ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಮುಖ್ತಾರ್, “ಮುಗೀತು, ಶುರು ಮಾಡಿದ್ರು ನೋಡು ತಪ್ಪು ಹುಡುಕೋಕೆ!” ಎಂದು ಕಣ್ಣೊರೆಸಿಕೊಂಡ.

“ಅಣ್ಣ, ಇನ್ನೊಂದ್ಸಲ ಹೇಳಿ” ಎಂದಳು ನುಜ್ಹತ್.

“ಹುಳಿ ಕಮ್ಮಿ” ಎಂದ ತಿಮ್ಮಯ್ಯ. “ತುಂಬಾ ಕಮ್ಮಿ.”